ಅಡುಗೆಮನೆಯ ಟೇಬಲ್ಲು

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಹರೆಯದಲ್ಲಿ ದಕ್ಷಿಣದ ಒಂದು ಬಿಳಿಯರ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿ, ಗೆದ್ದು, ಅಲ್ಲಿ ಓದಿದ ಮೊದಲ ಕಪ್ಪು ಹುಡುಗಿ ಅವರು. ಊಟದ ಹಾಲ್‌ನಲ್ಲಿ ಅವರು ಬಂದು ಕೂತರೆ ಆ ಟೇಬಲ್ಲಿನವರೆಲ್ಲ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದರಂತೆ. ಎರಡು ವರ್ಷ ಒಬ್ಬರೇ ಉಂಡರು. ಬೇಲಿಯ ಈಚೆ ನಿಂತು ಇದನ್ನೆಲ್ಲ ಕೇಳುತ್ತಾ ನಾನು ಅತ್ತಿದ್ದೆ. ಸುಡುಗಾಡು ಕಣ್ಣೀರು.

ಕಳೆದ ವರ್ಷ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಲ್ಲರ ಜೊತೆ ಬಾಳೆಲೆಯಲ್ಲಿ ಊಟ ಮಾಡೋಣ ಬನ್ನಿ ಎಂದು ಅವರಿಗೆ ಆಸೆ ಹಚ್ಚಿದವಳು ನಾನೇ. ಹಳದಿ ಉಡುಪು ತೊಟ್ಟು, ಹೂವು ಹಿಡಿದು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು.

ಬೇಸ್‌ಮೆಂಟಿನಲ್ಲಿ ಪಂಕ್ತಿ ಹಾಕಿತ್ತು. ಮಂಡಿನೋವಿನ ಅಂಕಲ್‌ಗಳಿಗೆಂದು ಕೊನೆಯಲ್ಲಿ ಟೇಬಲ್ಲು, ಕುರ್ಚಿಗಳೂ ಇದ್ದವು. ಅತ್ತೆ ನನ್ನನ್ನು ಬದಿಗೆ ಕರೆದರು.

"ಅವರಿಗೆ ಮೇಲೆ ಕಿಚನ್‌ನಲ್ಲೇ ಅರೇಂಜ್ ಮಾಡಿದೀನಿ ಕಣೆ. ಪೇಪರ್ ಪ್ಲೇಟು, ಸ್ಪೂನು ಎಲ್ಲ ಇಟ್ಟಿದೀನಿ. ಪಾಪ, ಕೆಳಗೆ ಕೂರೋಕಾಗಲ್ಲ."

"ಕುರ್ಚಿ ಇದೆಯಲ್ಲ ಅತ್ತೆ, ಇಲ್ಲೇ ಕೂರ್ಲಿ."

"ಮಡೀಲಿ ಮಾಡಿರೋ ಅಡಿಗೆ. ಶಾಸ್ತ್ರಿಗಳು ಏನಂದ್ಕೋತಾರೆ? ರಾದ್ಧಾಂತ ಮಾಡ್ಬೇಡ."

ಮಡಿಯಂತೆ ಮಡಿ. ಎಲೆ ಬಂದದ್ದು ಅಂಗಡಿಯ ಫ್ರೀಜರಿನಿಂದ, ಯಾರ್ಯಾರು ಮುಟ್ಟಿದ್ದರೋ. ಪಕ್ಕದೂರು ವಾರೆನ್‌ನ ಆಫೀಸಿನಲ್ಲಿ ತಮ್ಮ ಮಗ ದಿನಾ ಯಾರ ಪಕ್ಕ ಕೂತು ಉಣ್ಣುತ್ತಾನೆಂದು ಅತ್ತೆ ಒಮ್ಮೆಯೂ ಕೇಳಿದವರಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಒಳಗೊಳಗೇ ಕುದಿದೆ. ಆದರೆ ಬಂದವರ ಮುಂದೆ ಜಗಳ ಯಾಕೆ ಎಂದುಕೊಂಡೆ.

ಪಾಯಸ, ತುಪ್ಪ ಹಿಡಿದು ಮೇಲೆ ಹೋದೆ. ಅಡುಗೆಮನೆಯ ಟೇಬಲ್ಲಿಗೆ ಅವರೊಬ್ಬರೇ, ಸುತ್ತ ಮೂರು ಖಾಲಿ ಕುರ್ಚಿ. ಕೆಳಗಿನ ನಗು, ಹರಟೆ ಅಲ್ಲಿಗೂ ಕೇಳುತ್ತಿತ್ತು. ನಗುತ್ತಾ ಬಡಿಸಿ, ಈಗ ಬಂದೆ ಎಂದು ಹೇಳಿ, ಇಳಿದು ಹೋಗಿ ಪಂಕ್ತಿಯಲ್ಲಿ ಕೂತೆ. ಹೋಳಿಗೆ ಎರಡನೇ ಸಲ ಹಾಕಿಸಿಕೊಂಡೆ. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನಿಸುತ್ತದೆ. ಮತ್ತೆ ಮೇಲೆ ಹೋಗುವಷ್ಟರಲ್ಲಿ ಅವರು ಪ್ಲೇಟನ್ನು ತಾವೇ ಕಸದ ಬುಟ್ಟಿಗೆ ಹಾಕಿ, ಟೇಬಲ್ಲು ಒರೆಸಿ, ಹೊರಟುಹೋಗಿದ್ದರು.

ಮರುದಿನ ಕ್ಷಮೆ ಕೇಳಲೆಂದು ಬೇಲಿಯ ಹತ್ತಿರ ಹೋದೆ. ನಮ್ಮ ಅತ್ತೆ ಹಳೇ ಕಾಲದವರು, ಬೇಜಾರು ಮಾಡಿಕೊಳ್ಳಬೇಡಿ ಎಂದೆ. ತಪ್ಪನ್ನು ಇಡೀ ಅತ್ತೆಯ ತಲೆಗೆ ಕಟ್ಟಿ ನಿಂತೆ. ಅವರು ಗಿಡಗಳಿಗೆ ನೀರು ಹಾಕುತ್ತಲೇ ಇದ್ದರು.

"ಆ ಊಟದ ಹಾಲ್‌ನಲ್ಲಿ ಎದ್ದುಹೋದವರ ಮುಖ ಒಂದೂ ನೆನಪಿಲ್ಲ ನನಗೆ," ಎಂದರು. "ಒಬ್ಬಳು ಮಾತ್ರ ನೆನಪಿದ್ದಾಳೆ. ದಿನಾ ನಗುತ್ತಾ ನನ್ನ ಟೇಬಲ್ಲಿಗೆ ಸಕ್ಕರೆ ತಂದಿಡುತ್ತಿದ್ದಳು. ಆಮೇಲೆ ಹೋಗಿ ತನ್ನವರ ಜೊತೆ ಕೂರುತ್ತಿದ್ದಳು."