ಗಾಳಿಗೆ ಬಿಟ್ಟ ಕರವಸ್ತ್ರ

ನನ್ನ ಮೊಮ್ಮಗಳು ಅಗ್ನಿಶಾಮಕ ದಳದ ತರಬೇತಿಯಲ್ಲಿ ಪಾಸಾದಳು! ವಿಷಾನಿಲ ಸೋರುವ ಲಾರಿಯ ಹತ್ತಿರ ಹೋಗುವ ಪರೀಕ್ಷೆಯಂತೆ. ಉಳಿದವರು ಪೈಪು ಹಿಡಿದು ನೇರ ಓಡಿದರೆ, ಇವಳು ಮೊದಲು ಕರವಸ್ತ್ರ ಎತ್ತಿ ಗಾಳಿಯ ದಿಕ್ಕು ನೋಡಿದಳಂತೆ.

ಅದು ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಗ್ನಿಶಾಮಕ ದಳದಿಂದ ನಿವೃತ್ತರಾದವರೊಬ್ಬರ ವಿದ್ಯೆ. ನಾನು ಒಣಮೀನು ಹುರಿದರೆ ಸಾಕು, ಅವರು ಬೇಲಿಯಾಚೆ ಕರವಸ್ತ್ರ ಎತ್ತಿ, "ಮೊದಲು ಗಾಳಿ ನೋಡಬೇಕು ಅಕ್ಕ" ಎನ್ನುತ್ತಾ ಕುರ್ಚಿಯನ್ನು ಅಂಗಳದಲ್ಲಿ ವಾಸನೆ ಬಾರದ ಬದಿಗೆ ಎಳೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊಮ್ಮಗಳು ಐದು ವರ್ಷದವಳಿದ್ದಾಗ, ಒಂದು ಮಧ್ಯಾಹ್ನ ಕಡಲ ಬದಿಯ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಸೋರಿತು. ಮೀನು ಕೊಳ್ಳಲು ದಂಡೆಗೆ ಬಂದಿದ್ದ ನಾವೆಲ್ಲ ಮನೆಯ ಕಡೆ ಹೊರಟೆವು. ನಾನೂ ಮಗುವನ್ನೂ ಬೂತಾಯಿ ಮೀನಿನ ಬುಟ್ಟಿಯನ್ನೂ ಎತ್ತಿಕೊಂಡೆ. ಅಲ್ಲೇ ಇದ್ದ ಆ ಪಕ್ಕದ ಮನೆಯವರು ಅಡ್ಡ ನಿಂತು ಕರವಸ್ತ್ರವನ್ನು ಗಾಳಿಗೆ ಬಿಟ್ಟರು. ಅದು ನಮ್ಮ ಮನೆಗಳ ಕಡೆಗೇ ಹಾರಿತು.

"ವಿಷವೂ ಅಲ್ಲಿಗೇ ಹೋಗುವುದು. ಕಡಲ ಕಡೆ ಓಡಿ ಮಾರಾಯ್ರೆ! ಅಕ್ಕ, ಬುಟ್ಟಿ ಬಿಡಿ!"

"ಮತ್ತೆ ಮೀನು?"

"ಸತ್ತ ಮೀನಿಗೆ ಎಂತ ಹೆದರಿಕೆ?"

ಬುಟ್ಟಿ ಬಿಟ್ಟು ಓಡಿದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ತಿರುಗಿ ನೋಡಿದರೆ, ಬಿಳಿ ಹೊಗೆ ನಾವು ಹೋಗಬೇಕೆಂದಿದ್ದ ದಾರಿಯಲ್ಲೇ ಸಾಗುತ್ತಿತ್ತು. ಮಗು ಕೆಮ್ಮಲೂ ಇಲ್ಲ. ಆದರೂ ಬೂತಾಯಿಗಾಗಿ ಅವರಿಗೆ ಒಂದು ವಾರ ಬೈದೆ.

ಅವರು ಈಗಿಲ್ಲ. ಇವತ್ತು ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ನಾನು ಒಣಮೀನು ಹುರಿದೆ. ಮೊಮ್ಮಗಳು ಗಂಭೀರವಾಗಿ ಕರವಸ್ತ್ರ ಎತ್ತಿ ಹಿಡಿದಳು, ಬಟ್ಟಲು ತೆಗೆದುಕೊಂಡು ಜಗಲಿಯ ಆಚೆ ಬದಿಗೆ ಹೋದಳು. ಎಲ್ಲರೂ ಬಟ್ಟಲು ಎತ್ತಿಕೊಂಡು ಅವಳ ಹಿಂದೆ ನಡೆದರು. ನಾನೂ ಹೋದೆ. ಈ ಸಲ ಮಾತ್ರ ಮೀನನ್ನು ಬಿಡಲಿಲ್ಲ.