ಕಂಬಿ ಬಿಟ್ಟ ಕೈ

ಬಸವಕಲ್ಯಾಣ–ಹುಮನಾಬಾದ ಬಸ್ಸಿನ್ಯಾಗ ಹದಿನಾಕು ವರ್ಷದಿಂದ ಕಂಡಕ್ಟರ್ ಇದ್ದೀನಿ. ಕಂಡಕ್ಟರ್ ಅನ್ನಾಕಿ ಕಂಬಿ ಹಿಡಿಯಂಗಿಲ್ಲ. ಒಂದು ಕೈಯಾಗ ಟಿಕೀಟ್ ಮಷೀನು, ಇನ್ನೊಂದು ಕೈಯಾಗ ಚಿಲ್ಲರೆ. ಕಂಬಿ ಹಿಡ್ಯಾಕ ಮೂರನೇ ಕೈ ಎಲ್ಲಿಂದ ತರ್ಲಿ? ಕಾಲು ಜರಾ ಅಗಲ ಇಟ್ಟು, ಟೊಂಕ ಸೀಟಿಗೆ ಆನಿಸಿ ನಿಂತ್ರ ಆತು. ಸಸ್ತಾಪುರ ಬಂಗ್ಲಾದ ತಿರುವಿನ್ಯಾಗ ಮಂದಿ ಒಬ್ಬರ ಮ್ಯಾಲ ಒಬ್ಬರು ಬೀಳಾಕತ್ತಿದ್ರೂ ನಾ ನೆಟ್ಟಗ ನಿಂತು "ಹಿಂದ ಸರೀರಿ, ಜಾಗಾ ಅದ" ಅಂತ ಒದರತಿದ್ದೆ. ಕಂಬಿ ಹಿಡಿಯೋರು ಪ್ಯಾಸೆಂಜರ್, ನಾವಲ್ಲ ಅಂತ ಹೊಸದಾಗಿ ಕೆಲಸಕ್ಕ ಬಂದ ಹುಡುಗ್ಯಾರಿಗೆ ದೊಡ್ಡಸ್ತನಾ ಮಾಡಿ ಹೇಳತಿದ್ದೆ. ಆ ಸೊಕ್ಕು ಒಂದು ಮುಂಜಾನಿ ಇಳೀತು.

ಹಾಸಿಗ್ಯಾಗ ಮಗ್ಗಲಾ ಬದಲಿಸಿದೆ, ಅಷ್ಟ. ಮನಿ ಗರಗರ ತಿರಗಾಕತ್ತು. ಗ್ವಾಡಿ ಹಿಡದು ಎದ್ದಾಕಿ ಬಚ್ಚಲಕ್ಕ ಮುಟ್ಟೋದ್ರಾಗ ವಾಂತಿ. ನಮ್ಮ ಮನಿಯವರು ಗಾಬರ್ಯಾಗಿ ಹುಮನಾಬಾದಕ್ಕ ಕಿವಿ ಡಾಕ್ಟರ ಕಡಿ ಕರಕೊಂಡು ಹೋದ್ರು. ಅವರು ನನ್ನ ಮಲಗಿಸಿ, ತಲಿ ಹಿಡದು ಆ ಕಡಿ ಈ ಕಡಿ ಹೊರಳಿಸಿ, ಕಿವಿ ಒಳಗಿನ ಸಣ್ಣ ಹರಳು ಜಾಗಾ ಬಿಟ್ಟಿದ್ದವು, ಕೂಡಸೀನಿ ಅಂದ್ರು. ಎರಡು ದಿನದಾಗ ತಿರಗೋದು ನಿಂತು ಹೋತು. ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ತಿರಗೋದು ಹೋತು, ತೂಗೋದು ಉಳೀತು. ನಿಂತ್ರ ಗಾದಿ ಮ್ಯಾಲ ನಿಂತಂಗ. ಬಜಾರದಾಗ ಮಂದಿ ಆ ಕಡಿ ಈ ಕಡಿ ಓಡಾಡೋದು ನೋಡಿದ್ರ ಹೊಟ್ಟಿ ತೊಳಸತಿತ್ತು. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋದು ಬಿಟ್ಟೆ. ಬಸ್ಸಿನ್ಯಾಗ ಅಂತೂ ಹೇಳಬ್ಯಾಡ್ರಿ. ಮೊದಲನೇ ದಿನ ಡ್ಯೂಟಿಗೆ ಹೋದಾಗ ಗಾಡಿ ಬಿಟ್ಟದ್ದ ತಡ, ಎಡಗೈ ತಾನಾಗೇ ಹೋಗಿ ಕಂಬಿ ಹಿಡೀತು. ನನಗ ನನ್ನ ಕೈ ಮ್ಯಾಲ ಸಿಟ್ಟು ಬಂತು.

ಔಷಧ ಹೇಳಾಕ ಊರ ಮಂದಿಯೆಲ್ಲಾ ಡಾಕ್ಟರೇ. ನಮ್ಮತ್ತಿ ಪಿತ್ತ ಅಂದ್ಳು, ನಿಂಬೆಹಣ್ಣಿನ ಪಾನಕ ಕುಡಿಸಿದ್ಳು, ದೃಷ್ಟಿ ತೆಗೆದ್ಳು. ಮಗ್ಗಲ ಮನಿಯಾಕಿ ವೀಕ್‌ನೆಸ್ ಅಂದ್ಳು, ಎರಡು ಬಾಟ್ಲಿ ಸಲೈನ್ ಏರಿಸ್ಕೊಂಡೆ. ತಲಿ ಸ್ಕ್ಯಾನ್ ಮಾಡಿಸಿದ್ವಿ. ಎಲ್ಲಾ ನಾರ್ಮಲ್ ಅಂತ ಬಂತು. ಮನಿಯವರು ಪೇಢೆ ತಂದ್ರು. ನಾ ಪೇಢೆ ಬಾಯಾಗ ಇಟ್ಕೊಂಡು ಅತ್ತೆ. ನಾರ್ಮಲ್ ಅಂದ್ರ ಏನ್ರಿ? ನಾ ಸುಳ್ಳು ಹೇಳಾಕತ್ತೇನೇನು?

ಆಮ್ಯಾಲ ಎಲ್ಲರೂ ನನ್ನ ಹಿಡ್ಯಾಕ ಶುರು ಮಾಡಿದ್ರು. ನಮ್ಮ ಕಡಿ ಮಂದಿ ಹಂಗೇ, ಒಬ್ಬರಿಗೆ ಆರಾಮಿಲ್ಲ ಅಂದ್ರ ರಟ್ಟಿ ಹಿಡದೇ ಬಿಡತಾರ. ಮನಿಯವರು ಬಸ್‌ಸ್ಟ್ಯಾಂಡ್ ತನಕಾ ಮೊಣಕೈ ಹಿಡದು ಬಿಟ್ಟು ಹೋಗವರು. ಡ್ರೈವರ್ ಅಣ್ಣ ತಿರುವಿನ್ಯಾಗ ಗಾಡಿ ಮೆಲ್ಲಗ ಬಿಡವರು. ದಿನಾ ಬರೋ ಹೆಣ್ಮಕ್ಕಳು ಮುಂದಿನ ಸೀಟು ಖಾಲಿ ಇಟ್ಟು, "ನೀವು ಕೂಡ್ರಿ ಅಕ್ಕೋರೆ, ನಾವೇ ಆಧಾರ್ ಕಾರ್ಡ್ ಹಿಡಕೊಂಡು ನಿಮ್ ಕಡಿ ಬರ್ತೀವಿ" ಅನ್ನವರು. ಅವರು ಹಿಡದಷ್ಟೂ ನಾ ಮೆತ್ತಗಾದೆ. ಒಂದು ಸೀಟು ದಾಟಬೇಕಂದ್ರ ಯಾರರ ಹೆಗಲು ಹುಡುಕತಿದ್ದೆ.

ಡಿಪೋದ ಸಾಹೇಬರು ಕರೆದ್ರು. "ಮೂರು ತಿಂಗಳು ನೋಡೂಣು ಬಾಯಾರೆ. ಅಷ್ಟ್ರಾಗ ಆರಾಮ ಆಗಲಿಲ್ಲಂದ್ರ ಬಸ್ ಬಿಡ್ರಿ, ಆಫೀಸಿನ್ಯಾಗ ಕೂಡ್ರಿ. ಬಿದ್ದು ಗಿದ್ದೀರಿ" ಅಂದ್ರು. ಅವರದೇನೂ ತಪ್ಪಿಲ್ಲ. ಆಫೀಸಿನ್ಯಾಗ ಕುರ್ಚಿ ಅದ, ಮ್ಯಾಲ ಫ್ಯಾನ್ ಅದ. ಆದ್ರ ನನಗ ಬಸ್ಸೇ ಬೇಕಿತ್ತು. ಹುಮನಾಬಾದ ತನಕಾ ನೂರು ಮಂದಿ ಜೋಡಿ ಮಾತಾಡಾಕಿ ನಾ, ಫೈಲ್ ಜೋಡಿ ಏನು ಮಾತಾಡ್ಲಿ?

ಕಿವಿ ಡಾಕ್ಟರೇ ಎರಡನೇ ಸಲ ಹೋದಾಗ ಹೇಳಿದ್ರು, ಮಂಗಳವಾರ ಬಸವಕಲ್ಯಾಣದ ಸರ್ಕಾರಿ ದವಾಖಾನಿಗೆ ಮನಸ್ಸಿನ ಡಾಕ್ಟರ್ ಬರ್ತಾರ, ತೋರಸ್ರಿ ಅಂತ. ನನಗ ಉರಿದು ಹೋತು. ನಾ ಹುಚ್ಚಿ ಏನ್ರಿ ಅಂತ ಕೇಳೇಬಿಟ್ಟೆ. ಅವರು ನಕ್ಕು ಚೀಟಿ ಬರದು ಕೊಟ್ರು. ಮೂರು ಮಂಗಳವಾರ ಆ ಚೀಟಿ ಪರ್ಸಿನ್ಯಾಗೇ ಇತ್ತು. ನಾಕನೇದಕ್ಕ ಹೋದೆ, ಯಾರೂ ಗುರುತು ಹಿಡೀಬಾರದಂತ ತಲಿ ಮ್ಯಾಲ ಸೆರಗು ಹೊಚ್ಚಿಕೊಂಡು.

"ಏನವ್ವಾ ಕಂಡಕ್ಟರವ್ವಾ, ನೀನೂ ಇಲ್ಲೇ ಬಂದಿ?" ಅಂತ ಇಡೀ ವರಾಂಡಕ್ಕ ಕೇಳೋಹಂಗ ಒಂದು ದನಿ ಬಂತು. ನಮ್ಮ ಬಸ್ಸಿನ ಮಂಠಾಳದ ಮುದುಕಿ. ದಿನಾ ಹುಮನಾಬಾದಕ್ಕ ಬಂದು ಮಗಳ ಜೋಡಿ ಕೊತ್ತಂಬರಿ, ಮೆಂತೆ ಮಾರಾಕಿ. ಗಂಡ ಹೋದ ಮ್ಯಾಲ ನಿದ್ದಿ ಬರವಲ್ದಂತ ಆಕಿ ವರ್ಷದಿಂದ ಇಲ್ಲಿ ಗುಳಿಗಿ ಒಯ್ಯತಿದ್ಳು. "ನಾಚಿಕಿ ಯಾಕ? ಸರಿ ಇತ್ಲಾಗ" ಅಂತ ಬಾಕಿನ ಮ್ಯಾಲ ಜಾಗಾ ಮಾಡಿದ್ಳು.

ಡಾಕ್ಟರ್ ಸಣ್ಣ ವಯಸ್ಸಿನಾಕಿ, ಮೈಸೂರು ಕಡಿ ಮಾತು. ಮೊದಲು ಕೇಳಿದ್ದು, "ಯಾವಾಗ ಜಾಸ್ತಿ ಆಗುತ್ತೆ?" ಆಮ್ಯಾಲ ಕೇಳಿದ್ದು, "ಯಾವಾಗ ಮರೆತೇ ಹೋಗುತ್ತೆ?" ಅದನ್ನ ಯಾರೂ ಕೇಳಿರಲಿಲ್ಲ. ವಿಚಾರ ಮಾಡಿದೆ. "ಜಗಳಾ ಮಾಡುವಾಗ್ರಿ" ಅಂದೆ. ಆಧಾರ್ ಕಾರ್ಡ್ ತರದೇ ಹೆಣ್ಮಕ್ಕಳ ಫ್ರೀ ಟಿಕೀಟ್ ಕೊಡು ಅನ್ನೋರ ಜೋಡಿ ಬಾಯಿ ಮಾಡುವಾಗ ಚಕ್ಕರ್ ನೆನಪೇ ಇರಂಗಿಲ್ಲ. ಡಾಕ್ಟರ್ ನಕ್ರು. ಮುಂದಿನ ಪೇಶಂಟ್ ಅಂತ ಬಾಗಲದಾಗ ನಿಂತಿದ್ದ ಮುದುಕಿನೂ ನಕ್ಕಳು.

ಮತ್ತ ಕೇಳಿದ್ರು, "ಮೊದಲ ದಿನ ತಿರುಗಿದಾಗ ಏನು ಆಯ್ತು ಅಂದ್ಕೊಂಡ್ರಿ?"  ನಮ್ಮವ್ವ ನನ್ನ ತವರು ಮುಡಬಿಯೊಳಗ ರೊಟ್ಟಿ ಬಡಿಯುವಾಗ "ಯಾಕೋ ಚಕ್ಕರ್ ಬರಾಕತ್ತದ" ಅಂದಾಕಿ ಹಂಗೇ ವಾಲಿದ್ಳು. ಲಕ್ವಾ ಹೊಡೆದಿತ್ತು. ಮತ್ತ ಏಳಲಿಲ್ಲ. ಮನಿ ತಿರಗಿದ ಆ ಮುಂಜಾನಿ ನನಗ ಅದೇ ಕಂಡಿತ್ತು. ಮನಿಯವರಿಗೂ ಹೇಳದ ಮಾತು ಅಲ್ಲಿ ಹೇಳಿ ಬಿಕ್ಕಿ ಬಿಕ್ಕಿ ಅತ್ತೆ.

"ನಿಮ್ಮ ತಲೆಸುತ್ತು ನಿಜ. ಸುಳ್ಳಲ್ಲ, ಹುಚ್ಚೂ ಅಲ್ಲ" ಅಂದ್ರು. ಕಿವಿ ಸುಧಾರಿಸ್ಯಾದ, ಆದ್ರ ಮೈ ಇನ್ನೂ ಅಂಜಿ ಕಾವಲು ಕುಂತದ. ಬಿದ್ದೇನು ಬಿದ್ದೇನು ಅಂತ ಹಿಡದಷ್ಟೂ ಕಾಲು ತನ್ನ ಕೆಲಸ ಮರೀತದ ಅಂತ ಬಿಡಿಸಿ ಹೇಳಿದ್ರು. ಆ "ನಿಜ" ಅನ್ನೋ ಒಂದು ಮಾತಿಗೆ ನಾ ಇವತ್ತಿಗೂ ಆಕಿಗೆ ಋಣಿ. ದಿನಾ ಒಂದು ಸಣ್ಣ ಗುಳಿಗಿ ಬರದ್ರು, ಗುಣ ಕಾಣಾಕ ವಾರಗಟ್ಟಲೆ ಬೇಕು, ನಡುವ ಬಿಡಬ್ಯಾಡ್ರಿ ಅಂದ್ರು. ತಲಿ ಹೊರಳಿಸೋದು, ಬಗ್ಗಿ ಏಳೋದು, ಬಜಾರದಾಗ ನಡಿಯೋದು ದಿನಾ ಇಷ್ಟಿಷ್ಟು ಅಂತ ಕಲಿಸಿದ್ರು. ಮತ್ತ ಕಂಬಿ, ಹೆಗಲು, ಮೊಣಕೈ ಒಂದೊಂದಾಗಿ ಬಿಡಬೇಕು.

ಮನಿಯವರು ಪಾಪ, ಕೈ ಹಿಂದ ಕಟ್ಟಿಕೊಂಡು ಮಗ್ಗಲದಾಗ ನಡಿಯಾಕ ಕಲತ್ರು. ಬಸ್ಸಿನ್ಯಾಗ "ಇನ್ ಮ್ಯಾಲ ನನ್ನ ಯಾರೂ ಹಿಡೀಬ್ಯಾಡ್ರಿ" ಅಂತ ಒದರಿ ಹೇಳಿದೆ. ಹೂಂ ಅಂದ್ರು, ಮರುದಿನ ಮತ್ತ ಹಿಡದ್ರು. ಆದ್ರ ಆ ವಾರದಿಂದ ಒಂದು ಹೊಸಾ ಪೀಡಾ ಶುರುವಾತು. ಮಂಠಾಳದ ಮುದುಕಿ ಹಿಂದಿನ ಸೀಟಿಗೆ ಹೋಗಿ ಕುಂತು, ದಿನಾ ಆಧಾರ್ ಕಾರ್ಡ್ ಮರ್ತು ಬರಾಕತ್ತಳು. "ತಂದಿಲ್ಲ, ಏನ್ ಮಾಡ್ತಿ ಮಾಡು" ಅನ್ನಾಕಿ. ಅರವತ್ತು ದಾಟಿದ್ರೂ ಇಷ್ಟು ಮರವು ಇರಬಾರದು ಅಂತ ಅಲ್ಲಿ ತನಕಾ ಹೋಗಿ ಬೈದು ಬರತಿದ್ದೆ. ಸಿಟ್ಟಿನ್ಯಾಗ ಹೋಗೋದು, ಸಿಟ್ಟಿನ್ಯಾಗ ಬರೋದು.

ದಿನಾ ಸರಳ ಇರಲಿಲ್ಲ. ಕೆಲವು ದಿನ ಗುಳಿಗಿ, ವ್ಯಾಯಾಮ ಎಲ್ಲಾ ದಂಡ ಅನಸತಿತ್ತು. ಈಗಲೂ ನಿದ್ದಿ ಕೆಟ್ರ ನೆಲ ಜರಾ ತೂಗತದ. ತೂಗಲಿ ಅಂತ ಬಿಡತೀನಿ.

ಮೂರು ತಿಂಗಳು ತುಂಬಿದ ದಿನ ಸಾಹೇಬರು ತಾವೇ ಬಸ್ ಹತ್ತಿ ಮುಂದ ಕುಂತ್ರು.  ಸಸ್ತಾಪುರ ಬಂಗ್ಲಾ ತಿರುವು ಬಂತು, ಮಂದಿ ವಾಲಿದ್ರು, ನನ್ನ ಎಡಗೈ ಮ್ಯಾಲ ಎದ್ದಿತು. ಅಷ್ಟ್ರಾಗ ಹಿಂದಿಂದ, "ಏ ಕಂಡಕ್ಟರವ್ವಾ! ಇವತ್ತೂ ಕಾರ್ಡ್ ಇಲ್ಲ ನೋಡು!" ಸಾಹೇಬರ ಎದುರಿಗೇ ಮಾನ ಕಳೀತಾಳಲ್ಲಾ ಅಂತ ತುಂಬಿದ ಬಸ್ಸು ಸೀಳಿಕೊಂಡು ಹಿಂದ ಹೋದೆ. ರಾಜೇಶ್ವರ ಬರೋ ತನಕಾ ಇಬ್ಬರದೂ ಜೋರು ನಡೀತು. ಹುಮನಾಬಾದದಾಗ ಇಳಿಯುವಾಗ ಸಾಹೇಬರು, "ಬಾಯಿ ಜರಾ ಕಮ್ಮಿ ಮಾಡ್ರಿ. ಬಸ್ಸು ಮಾತ್ರ ನಿಮ್ಮದೇ" ಅಂದು ಹೋದ್ರು.

ಕಡೀಕ ಮುದುಕಿ ಕೊತ್ತಂಬರಿ ಗಂಟು ಹೊತ್ತು ಇಳದ್ಳು. ಟೊಂಕದ ಸಂಚಿಯಿಂದ ಕಾರ್ಡ್ ತಗದು ನನ್ನ ಮುಂದ ಹಿಡದ್ಳು. ಮಡಚಿ ಮಡಚಿ ಮೂಲಿ ಸವೆದಿತ್ತು. "ತಗೋ, ನೋಡು. ದಿನಾ ಇಲ್ಲೇ ಇತ್ತು. ಡಾಕ್ಟರವ್ವನ ಮುಂದ ನೀನೇ ಹೇಳಿದ್ಯಲ್ಲಾ, ಜಗಳಾ ಮಾಡುವಾಗ ಚಕ್ಕರ್ ಬರಂಗಿಲ್ಲಂತ?"

 ನಡು ಬಸ್‌ಸ್ಟ್ಯಾಂಡಿನ್ಯಾಗ, ಯೂನಿಫಾರ್ಮ್ ಮ್ಯಾಲೇ, ಬಗ್ಗಿ ಆಕಿ ಕಾಲು ಮುಟ್ಟಿದೆ. ಎದ್ದು ನಿಂತು ಕಣ್ಣು ಒರಸ್ಕೊಂಡ ಮ್ಯಾಲೇ ಗೊತ್ತಾತು, ಬಗ್ಗುವಾಗ ನಾ ಏನೂ ಹಿಡದಿರಲಿಲ್ಲ.