ಬಡಿಸುವ ಸುಬ್ರಾಯರ ಜಪಾನೀ ಪಾಠ

ಬೆಳಗಿನ ಐದು ಗಂಟೆ. ಪುರಸೈವಾಕ್ಕಂನ ಹೋಟೆಲಿನ ಹಿತ್ತಲಲ್ಲಿ ಸುಬ್ರಾಯರು ಬಾಳೆಲೆಯ ಕಟ್ಟು ಬಿಚ್ಚಿ, ಹರಿದದ್ದನ್ನು ಬೇರೆ ಮಾಡುತ್ತಾ ಏನನ್ನೋ ಗುನುಗುತ್ತಿದ್ದಾರೆ. ಹೊಸಬರಿಗೆ ಸಹಸ್ರನಾಮ ಅನ್ನಿಸಬೇಕು. "ದಾಶಿ ಸುಗಿಮಾಶಿತಾ, ದಾಶಿ ಸುಗಿಮಾಶಿತಾ." ಹೆಚ್ಚು ಬಡಿಸಿಬಿಟ್ಟೆ ಎಂದು ಅರ್ಥ. ಭಾಷೆ ಜಪಾನೀ.

ಕುಂದಾಪುರದ ಕಡೆಯ ಸುಬ್ರಾಯರು ಮದರಾಸಿನಲ್ಲಿ ಅನ್ನದ ಸೌಟು ಹಿಡಿದು ಇಪ್ಪತ್ತೆರಡು ವರ್ಷ. ಮಧ್ಯಾಹ್ನವೊಂದಕ್ಕೇ ಮುನ್ನೂರು ಎಲೆ. ತಮಿಳರು 'ಪೋದುಂ' ಅನ್ನುತ್ತಾರೆ, ನಮ್ಮವರು 'ಸಾಕು' ಅನ್ನುತ್ತಾರೆ. ಯಾರೇ ಆಗಲಿ, ಎಲೆಗೆ ಕೈ ಅಡ್ಡ ಹಿಡಿಯುವ ತನಕ ಬಡಿಸುವವನು ನಿಲ್ಲಿಸುವ ಹಾಗಿಲ್ಲ. ಖಾಲಿ ಎಲೆ ಕಂಡೂ ಮುಂದೆ ಹೋದವನನ್ನು ಯಜಮಾನರು ಸುಮ್ಮನೆ ಬಿಡುವುದಿಲ್ಲ.

ಎರಡು ವರ್ಷದ ಹಿಂದೆ, ೧೯೬೧ರಲ್ಲಿ, ಪೆರಂಬೂರಿನ ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಬಂದ ಓಕುಬೊ ಎಂಬ ಜಪಾನೀ ಇಂಜಿನಿಯರು ಇಲ್ಲಿ ಊಟಕ್ಕೆ ಬರುತ್ತಿದ್ದರು. ಎಲೆಯ ಮುಂದೆ ಕೈ ಜೋಡಿಸುವರು, ಬಡಿಸಿದವರ ಮುಖ ನೋಡಿ ನಗುವರು. "ಇಷ್ಟು ವರ್ಷದಲ್ಲಿ ನನ್ನ ಮುಖ ನೋಡಿ ಉಂಡವರು ಅವರೊಬ್ಬರೇ ಮಾರಾಯ್ರೆ. ಉಳಿದವರಿಗೆ ನಾನು ಬರೀ ಸೌಟು" ಎನ್ನುವಾಗ ಸುಬ್ರಾಯರ ದನಿ ತಗ್ಗುತ್ತದೆ.

ಬಡಿಸಿದ್ದನ್ನು ಬಿಟ್ಟರೆ ಅನ್ನಕ್ಕೆ ಅವಮಾನ ಎಂಬುದು ಓಕುಬೊ ಅವರ ಮನೆಯ ಪಾಠ. ಹಾಗಾಗಿ ಎಲೆಯಲ್ಲಿ ಒಂದಗುಳೂ ಉಳಿಯುತ್ತಿರಲಿಲ್ಲ. ಕೈ ಅಡ್ಡ ಹಿಡಿಯುವ ರೂಢಿಯೂ ಅವರಿಗೆ ಗೊತ್ತಿರಲಿಲ್ಲ. ಎಲೆ ಖಾಲಿಯಾದರೆ ಮತ್ತೆ ಹಾಕಬೇಕೆಂಬುದು ಸುಬ್ರಾಯರ ಪಾಠ. ಒಬ್ಬರು ಹಾಕುತ್ತಾ ಹೋದರು, ಇನ್ನೊಬ್ಬರು ಉಣ್ಣುತ್ತಾ ಹೋದರು. ಹದಿಮೂರನೆಯ ದಿನ ಓಕುಬೊ ಬರಲಿಲ್ಲ. ಆಸ್ಪತ್ರೆ ಸೇರಿದ್ದರಂತೆ, ತಿಂಗಳೊಳಗೆ ಊರಿಗೇ ಕಳಿಸಿದರಂತೆ. ಹೊಟ್ಟೆಯ ಹುಣ್ಣು ಹಳೆಯದೆಂದು ಡಾಕ್ಟರು ಹೇಳಿದ ಸುದ್ದಿ ಬಂತು. ಸುಬ್ರಾಯರು ನಂಬಲಿಲ್ಲ.

"ಪ್ರೀತಿಯಿಂದಲೇ ಹಾಕಿದ್ದು. ಆದ್ರೆ ಅವರಿಗೆ ಸಾಕಾಯ್ತಾ ಅಂತ ಒಂದು ದಿನವಾದ್ರೂ ಕೇಳ್ಬೇಕಿತ್ತಲ್ಲ?"

ಅದೇ ಬೀದಿಯ ಚನ್ನವೀರಪ್ಪನವರು ಯುದ್ಧಕ್ಕೆ ಮೊದಲು ಕೋಬೆ ಪಟ್ಟಣದಲ್ಲಿ ಹತ್ತು ವರ್ಷ ರೇಷ್ಮೆ ವ್ಯಾಪಾರ ಮಾಡಿದವರು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಒಂದು ಗಂಟೆ ಅವರ ಜಗಲಿಯೇ ಸುಬ್ರಾಯರಿಗೆ ಶಾಲೆ. 'ದಕೆ' ಎಂದರೆ ನಮ್ಮ 'ಮಾತ್ರ'. 'ಶಿಕಾ' ಬಂದರೆ ವಾಕ್ಯ 'ಇಲ್ಲ' ಎಂದೇ ಮುಗಿಯಬೇಕು: ಇಷ್ಟು ಬಿಟ್ಟರೆ ಬೇರೆ ಇಲ್ಲ ಎಂಬ ಹಾಗೆ. ಮಿತಿ ಮೀರಿದ್ದಕ್ಕೆಲ್ಲ 'ಸುಗಿರು'. ನಾಲ್ಕನೇ ಕ್ಲಾಸು ಓದಿದ ಸುಬ್ರಾಯರು ಈ ಮೂರರ ಜೊತೆ ಗುದ್ದಾಡಿದ್ದು ಏಳು ತಿಂಗಳು.

"ವ್ಯಾಪಾರದ ಮಾತು ಕಲಿಸ್ತೀನಿ ಅಂದ್ರ ಬ್ಯಾಡ ಅಂತಾನ್ರೀ. ತಪ್ಪಾತು ಅನ್ನೂದಷ್ಟ ಬೇಕಂತ" ಎಂದು ಮೇಷ್ಟ್ರು ನಗುತ್ತಾರೆ.

ಕಾರ್ಖಾನೆಯ ಗುಮಾಸ್ತರಿಂದ ವಿಳಾಸ ಪಡೆದು, ಹೋದ ಮಾರ್ಚಿನಲ್ಲಿ ಸುಬ್ರಾಯರು ಕಾಗದ ಹಾಕಿದ್ದಾರೆ. ಇರುವುದು ಜಪಾನೀ ಭಾಷೆಯ ಮೂರೇ ಸಾಲು. ನಾನು ಹೆಚ್ಚು ಬಡಿಸಿಬಿಟ್ಟೆ. ನನಗೆ ಬಡಿಸುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ನೀವು ಈಗ ಉಣ್ಣುತ್ತಿದ್ದೀರಾ?

ಐದು ತಿಂಗಳಾಯಿತು, ಉತ್ತರವಿಲ್ಲ. ಟಪಾಲಿನವನು ಬೀದಿ ದಾಟುವವರೆಗೆ ಸುಬ್ರಾಯರ ಕಣ್ಣು ಬಾಗಿಲಲ್ಲೇ ಇರುತ್ತದೆ. ಹೇಳದೇ ಇದ್ದರೂ ಹೋಟೆಲಿನವರಿಗೆಲ್ಲ ಅದು ಗೊತ್ತು. ಆದರೆ ಪಾಠ ನಿಂತಿಲ್ಲ. ಇನ್ನೂ ಯಾಕೆ ಎಂದರೆ ತೊಳೆದ ಎಲೆಯ ನೀರು ಕೊಡವುತ್ತಾ ಹೇಳುತ್ತಾರೆ:

"ಅವರು ಪುನಃ ಬಂದ್ರೆ? ಒಂದೇ ಸೌಟು ಹಾಕಿ ಎದುರಿಗೆ ನಿಲ್ತೇನೆ. ಇನ್ನು ಬೇಕಾ ಅಂತ ಅವರ ಭಾಷೆಯಲ್ಲೇ ಕೇಳ್ತೇನೆ. ಬೇಡ ಅಂದ್ರೆ ಅದೂ ನಂಗೆ ಅರ್ಥ ಆಗ್ತದೆ ಈಗ."